ಚಿಮಣಿ, ವಾರ್ಡು, ಮೊಸಳೆ

ಮಿತಿ ಮೀರಿ ದೂಳು ಉಗುಳುವ ಕಾರ್ಖಾನೆಗಳು ಎಷ್ಟು? ಸೂರತ್ ಮತ್ತು ಅಹಮದಾಬಾದಿನ ಪರಿಸರ ಆಡಿಟರುಗಳು ಬರೆದುಕೊಟ್ಟ ವರದಿಗಳ ಪ್ರಕಾರ ಶೇ 7. ಅದೇ ಚಿಮಣಿಗಳನ್ನು ಬೇರೆ ತಂಡವೊಂದು ಹತ್ತಿ ಅಳೆದಾಗ ಸಿಕ್ಕ ಲೆಕ್ಕ ಶೇ 59.

ಉಪಕರಣವೇನೂ ಕೆಟ್ಟಿರಲಿಲ್ಲ. ಅಳೆದವರು ಕೆಲಸ ಬಾರದವರೂ ಅಲ್ಲ. ತೊಡಕಿದ್ದದ್ದು ಹಣ ಯಾರ ಕೈಯಿಂದ ಬರುತ್ತದೆ ಎಂಬಲ್ಲಿ. ಹೆಚ್ಚು ಮಾಲಿನ್ಯದ ಉದ್ದಿಮೆಗಳು ಪ್ರತಿವರ್ಷ ಹೊರಗಿನ ಆಡಿಟರುಗಳಿಂದ ತಪಾಸಣೆ ಮಾಡಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ವರದಿ ಸಲ್ಲಿಸಬೇಕೆಂದು ಗುಜರಾತ್ ಹೈಕೋರ್ಟು 1996ರಲ್ಲಿ ಆದೇಶಿಸಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆಡಿಟರನ್ನು ಆರಿಸುವವನು ಕಾರ್ಖಾನೆಯ ಮಾಲೀಕ, ಶುಲ್ಕ ಕೊಡುವವನೂ ಅವನೇ. ಕಹಿ ವರದಿ ಕೊಟ್ಟವನಿಗೆ ಮುಂದಿನ ವರ್ಷ ಕೆಲಸವಿಲ್ಲ. ಬೇಲಿಯೇ ಎದ್ದು ಹೊಲ ಮೇಯಲು ಇದಕ್ಕಿಂತ ಸಲೀಸಾದ ಏರ್ಪಾಡು ಬೇಕಿರಲಿಲ್ಲ. ದೂಳಿಗೆ ಇದ್ದ ಮಿತಿ ಘನಮೀಟರಿಗೆ 150 ಮಿಲಿಗ್ರಾಂ. ಆಡಿಟ್ ವರದಿಗಳ ಅಂಕಿಗಳು ಬಹುಪಾಲು ಆ ಗೆರೆಗಿಂತ ಒಂಚೂರು ಕೆಳಗೆ, ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಇದನ್ನು ಬಯಲಿಗೆಳೆದದ್ದು ಮಂಡಳಿಯ ಜತೆ ಸೇರಿ ನಡೆಸಿದ ಒಂದು ಪ್ರಯೋಗ. ಅದರಲ್ಲಿದ್ದವರು ಅರ್ಥಶಾಸ್ತ್ರಜ್ಞರಾದ ಎಸ್ತರ್ ಡಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ ಮತ್ತು ನಿಕೋಲಸ್ ರಯಾನ್. ಡಫ್ಲೊಗೆ ಮುಂದೆ, 2019ರಲ್ಲಿ, ಅರ್ಥಶಾಸ್ತ್ರದ ನೊಬೆಲ್ ಹಂಚಿಕೆಯಾಗಿ ಬಂತು. ರಯಾನ್ ಆಗ ಎಂಐಟಿಯಲ್ಲಿ ಇನ್ನೂ ಪಿಎಚ್‌ಡಿ ವಿದ್ಯಾರ್ಥಿ. ಗುಜರಾತಿನ ಕಾರ್ಖಾನೆಗಳು ವಿದ್ಯುತ್ತು, ಇಂಧನ ಹೇಗೆ ಬಳಸುತ್ತವೆ ಎಂಬುದೂ ಅವರ ಅಧ್ಯಯನದ ವಿಷಯವಾಗಿತ್ತು.

ಪ್ರಯೋಗದ ಕ್ರಮ ಕೇಳಲು ಸರಳ. 473 ಕಾರ್ಖಾನೆಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲು ಹಳೆಯ ಪದ್ಧತಿಯಲ್ಲೇ ಮುಂದುವರಿಯಿತು. ಇನ್ನೊಂದು ಪಾಲಿನಲ್ಲಿ ಯಾವ ಕಾರ್ಖಾನೆಗೆ ಯಾವ ಆಡಿಟರ್ ಎಂಬುದನ್ನೂ ಚೀಟಿಯೇ ತೀರ್ಮಾನಿಸಿತು. ಶುಲ್ಕ ಮಾಲೀಕನ ಜೇಬಿನಿಂದ ನೇರವಾಗಿ ಬರದೆ ಒಂದು ಸಾಮಾನ್ಯ ನಿಧಿಯಿಂದ, ಎಲ್ಲರಿಗೂ ಒಂದೇ ದರದಲ್ಲಿ ಬಂತು. ಆಡಿಟರ್ ಅಳೆದು ಹೋದ ಬೆನ್ನಿಗೇ ಕೆಲವು ಕಡೆ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಹೋಗಿ ಮತ್ತೆ ಅಳೆದವು. ಮಿತಿ ಮೀರಿದ್ದನ್ನು ‘ಮಿತಿಯೊಳಗಿದೆ’ ಎಂದು ಬರೆಯುವ ಸುಳ್ಳು ಹೊಸ ಪದ್ಧತಿಯಲ್ಲಿ ಶೇ 80ರಷ್ಟು ಇಳಿಯಿತು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಎರಡೂ ಪದ್ಧತಿಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತಿದ್ದ ಆಡಿಟ್ ಸಂಸ್ಥೆಗಳಿದ್ದವು. ಅದೇ ಸಂಸ್ಥೆ ಒಂದು ಗೇಟಿನೊಳಗೆ ನಿಜ ಬರೆಯುತ್ತಿತ್ತು, ಇನ್ನೊಂದು ಗೇಟಿನೊಳಗೆ ಸುಳ್ಳು. ಅಂದರೆ ಕೆಟ್ಟಿದ್ದದ್ದು ಮನುಷ್ಯರಲ್ಲ, ಕಟ್ಟಳೆ. ಸತ್ಯ ವರದಿಯಾಗತೊಡಗಿದ ಮೇಲೆ ಕಾರ್ಖಾನೆಗಳೂ ಹೊಗೆ ತಗ್ಗಿಸಿದವು.

ಈ ಕೆಲಸವನ್ನು ಅರ್ಥಶಾಸ್ತ್ರಜ್ಞರಷ್ಟೇ ಮಾಡಬಹುದಿತ್ತೆ? ಸಾಧ್ಯವಿರಲಿಲ್ಲ. ಚಿಮಣಿಯ ದೂಳು ಅಳೆಯುವುದು ಜ್ವರ ನೋಡಿದಷ್ಟು ಸುಲಭವಲ್ಲ. ಎತ್ತರದಲ್ಲಿರುವ ತೂತಿನಿಂದ ಕೊಳವೆ ತೂರಿಸಬೇಕು, ಒಳಗಿನ ಹೊಗೆ ಏರುತ್ತಿರುವ ವೇಗದಲ್ಲೇ ಅದನ್ನು ಹೀರಬೇಕು, ಫಿಲ್ಟರಿನ ಮೇಲೆ ಕೂತ ದೂಳನ್ನು ತೂಗಬೇಕು. ವೇಗ ಹೆಚ್ಚುಕಮ್ಮಿಯಾದರೆ ಲೆಕ್ಕವೇ ತಪ್ಪುತ್ತದೆ. ಅದು ಎಂಜಿನಿಯರನ ವಿದ್ಯೆ. ಎಂಜಿನಿಯರ್ ಒಬ್ಬನನ್ನೇ ಬಿಟ್ಟಿದ್ದರೆ ‘ಇನ್ನೂ ಒಳ್ಳೆಯ ಯಂತ್ರ ತನ್ನಿ’ ಎನ್ನುತ್ತಿದ್ದನೇನೋ. ಶುಲ್ಕ ಯಾರು ಕೊಡುತ್ತಾರೆ ಎಂದು ಕೇಳುವುದು ಅವನ ಪಠ್ಯದಲ್ಲಿಲ್ಲ. ಇನ್ನು ಕೋರ್ಟಿನ ಆದೇಶದಲ್ಲಿ ಎಷ್ಟು ಸಡಿಲವಿದೆ, ಮಂಡಳಿಗೆ ಏನು ಬದಲಿಸುವ ಅಧಿಕಾರವಿದೆ ಎಂಬುದು ಕಾನೂನಿನ ಮಾತು. ಮೂರೂ ಒಂದೇ ಮೇಜಿಗೆ ಬಂದದ್ದರಿಂದ ಶೇ 7 ಮತ್ತು ಶೇ 59ರ ನಡುವಿನ ಅಂತರ ಕಣ್ಣಿಗೆ ಬಿತ್ತು. ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆಡಿಟರನ್ನು ಚೀಟಿಯ ಮೂಲಕ ಗೊತ್ತುಮಾಡುವ ಕ್ರಮವನ್ನು ಮಂಡಳಿ 2015ರಲ್ಲಿ ಜಾರಿಗೆ ತಂದಿತು.

‘ಅಂತರಶಿಸ್ತೀಯ ಸಂಶೋಧನೆ’ ಎಂಬ ಮಾತು ವಿಶ್ವವಿದ್ಯಾಲಯಗಳ ಪ್ರಸ್ತಾವಗಳಲ್ಲಿ ಎಷ್ಟು ಸವೆದಿದೆಯೆಂದರೆ ಕೇಳಿದವರಿಗೆ ಆಕಳಿಕೆ ಬರುತ್ತದೆ. ಗುಜರಾತಿನ ಸೂರತ್, ಅಹಮದಾಬಾದ್, ವಡೋದರಾ ಎಂಬ ಮೂರು ನಗರಗಳನ್ನು ಈ ದೃಷ್ಟಿಯಿಂದ ನೋಡಿದರೆ ಆ ಮಾತಿಗೆ ಸ್ವಲ್ಪ ರಕ್ತಮಾಂಸ ಕಾಣಿಸುತ್ತದೆ. ಹಲವು ವಿದ್ಯೆಗಳು ಕೂಡಿ ಕಂಡುಹಿಡಿದದ್ದು ಆಡಳಿತಕ್ಕೆ ಯಾವಾಗ ಹಿತವಾಗುತ್ತದೆ, ಯಾವಾಗ ಅಜೀರ್ಣವಾಗುತ್ತದೆ ಎಂಬುದೂ ಗೊತ್ತಾಗುತ್ತದೆ. ಅದೇ ಪರಿಸರ ರಾಜಕಾರಣ.

ಸೂರತ್ತಿನ ಕತೆ ಆಡಿಟಿಗೆ ಮುಗಿಯಲಿಲ್ಲ. ಇಲ್ಲಿನ ಡೈಯಿಂಗ್, ಪ್ರಿಂಟಿಂಗ್ ಘಟಕಗಳು ಬಟ್ಟೆಗೆ ಬಣ್ಣ ಹಾಕಲು ಹಬೆ ಬೇಕೆಂದು ಕಲ್ಲಿದ್ದಲು, ಲಿಗ್ನೈಟ್ ಸುಡುತ್ತವೆ. 2019ರಲ್ಲಿ ಮಂಡಳಿ ಇಲ್ಲಿ ಹೊಗೆಯ ಮಾರುಕಟ್ಟೆಯೊಂದನ್ನು ತೆರೆಯಿತು. ಗಾಳಿಯ ದೂಳಿನ ಕಣಗಳಿಗಾಗಿ ಇಂಥ ಮಾರುಕಟ್ಟೆ ಜಗತ್ತಿನಲ್ಲೇ ಮೊದಲನೆಯದು. ಎಲ್ಲ ಘಟಕಗಳೂ ಸೇರಿ ಒಟ್ಟು ಇಷ್ಟೇ ದೂಳು ಬಿಡಬಹುದು ಎಂದು ಮೊದಲು ನಿಗದಿ ಮಾಡುತ್ತಾರೆ. ಅದನ್ನು ಪರವಾನಗಿಗಳಾಗಿ ಹಂಚುತ್ತಾರೆ. ಕಡಿಮೆ ಖರ್ಚಿನಲ್ಲಿ ಹೊಗೆ ಶುದ್ಧ ಮಾಡಬಲ್ಲ ಘಟಕ ತನ್ನಲ್ಲಿ ಉಳಿದ ಪರವಾನಗಿಯನ್ನು ಮಾರುತ್ತದೆ. ಫಿಲ್ಟರು, ಸ್ಕ್ರಬ್ಬರು ಹಾಕಿಸುವುದು ದುಬಾರಿಯಾಗುವವನು ಅದನ್ನು ಕೊಳ್ಳುತ್ತಾನೆ. ಲೆಕ್ಕ ಇಡಲು ಪ್ರತಿ ಚಿಮಣಿಯಲ್ಲೂ ಬಿಡುವಿಲ್ಲದೆ ಅಳೆಯುವ ಸಂವೇದಕ. ಆಗೊಮ್ಮೆ ಈಗೊಮ್ಮೆ ಬರುವ ಆಡಿಟರನ ಜಾಗದಲ್ಲಿ ಈಗ ನಿಮಿಷ ನಿಮಿಷದ ದಾಖಲೆ.

ಇದರ ಹಿಂದಿನ ತಂಡದಲ್ಲಿ ಗ್ರೀನ್‌ಸ್ಟೋನ್, ಪಾಂಡೆ, ರಯಾನ್ ಜತೆಗೆ ಅನಂತ್ ಸುದರ್ಶನ್ ಇದ್ದರು. ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಮಾಡಿ, ಅರ್ಥಶಾಸ್ತ್ರದ ಕಡೆ ಹೊರಳಿದವರು. ಬಾಯ್ಲರೂ ಬೆಲೆಯೂ ಎರಡೂ ಗೊತ್ತಿರುವವರು ಇಂಥ ಕಡೆ ಎಷ್ಟು ಬೇಕಾಗುತ್ತಾರೆಂದು ವಿವರಿಸಬೇಕಿಲ್ಲ. 317 ಘಟಕಗಳ ಮೇಲೆ ನಡೆದ ಅಧ್ಯಯನದ ಪ್ರಕಾರ ಮಾರುಕಟ್ಟೆಗೆ ಸೇರಿದವು ಉಳಿದವಕ್ಕಿಂತ ಶೇ 20ರಿಂದ 30ರಷ್ಟು ಕಡಿಮೆ ದೂಳು ಬಿಟ್ಟವು, ಖರ್ಚೂ ಇಳಿಯಿತು. ಆಮೇಲೆ ಅಹಮದಾಬಾದಿನಲ್ಲೂ ಇಂಥದೇ ಮಾರುಕಟ್ಟೆ ಶುರುವಾಯಿತು.

ಹೊಗೆ ಉಗುಳುವುದನ್ನು ಕೊಳ್ಳುವ, ಮಾರುವ ಸರಕು ಮಾಡುವುದು ಸರಿಯೇ ಎಂಬ ತಕರಾರು ಹಳೆಯದು. ಅದಕ್ಕೆ ಅರ್ಥಶಾಸ್ತ್ರಜ್ಞರ ಬಳಿ ಸಿದ್ಧ ಉತ್ತರವೂ ಇದೆ: ಒಟ್ಟು ಮಿತಿ ಇಳಿಯುತ್ತಿದ್ದರೆ ಸಾಕು. ಆದರೆ ಸೂರತ್ತಿನ ಅನುಭವ ಹೇಳುವ ಇನ್ನೊಂದು ಮಾತಿದೆ. 2022ರ ಜನವರಿ 6ರ ನಸುಕಿನಲ್ಲಿ ಸಚಿನ್ ಕೈಗಾರಿಕಾ ಪ್ರದೇಶದ ಚರಂಡಿಗೆ ಟ್ಯಾಂಕರೊಂದು ಕದ್ದು ಸುರಿಯುತ್ತಿದ್ದ ರಾಸಾಯನಿಕದಿಂದ ವಿಷಾನಿಲ ಎದ್ದು ಹತ್ತಿರದಲ್ಲಿದ್ದ 6 ಕಾರ್ಮಿಕರು ಸತ್ತರು. ಚಿಮಣಿಯ ಸಂವೇದಕಕ್ಕೆ ಆ ಟ್ಯಾಂಕರ್ ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ರಾತ್ರಿ ಪಾಳಿಯವರು ಎಲ್ಲಿ ಮಲಗುತ್ತಾರೆ, ಯಾವ ಊರಿನಿಂದ ಬಂದವರು, ದೂರು ಕೊಡಲು ಅವರಿಗೇಕೆ ಹೆದರಿಕೆ ಎಂದು ತಿಳಿದವರು ತಂಡದಲ್ಲಿರಬೇಕು. ಹಾಗೆ ತಿಳಿದವರ ಪರಂಪರೆ ಸೂರತ್ತಿಗೆ ಹೊಸದೇನಲ್ಲ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದ ಆರಂಭದಲ್ಲಿ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದದ್ದು ಡಾಕ್ಟರೇಟ್ ಸಂಶೋಧನೆಗೆಂದು. ಭೂಮಾಲೀಕರಿಗೂ ಜೀತದ ಕೂಲಿಗಳಿಗೂ ಇದ್ದ ಸಂಬಂಧ ಅವರ ವಿಷಯ. ಅಲ್ಲಿಂದ ಹಿಡಿದ ದಾರಿ ಬಿಡದೆ ದಶಕಗಳ ಕಾಲ ಮತ್ತೆ ಮತ್ತೆ ಬಂದು, ಅದೇ ಕೂಲಿಗಳ ಹಿಂದೆ ಸೂರತ್ತಿನ ಗಲ್ಲಿಗಳವರೆಗೂ ಹೋದರು. ಹೊಗೆ ಅಳೆದವರೂ ಬ್ರೆಮನ್ ದಾರಿಯವರೂ ಒಂದೇ ಊರಿನಲ್ಲಿ ಕೆಲಸ ಮಾಡಿದ್ದಾರೆ. ಇಬ್ಬರ ಪುಸ್ತಕಗಳು ಒಂದೇ ಕಪಾಟಿನಲ್ಲಿ ಸಿಗುವುದು ಮಾತ್ರ ಅಪರೂಪ.

ಅಹಮದಾಬಾದಿನ ಕತೆ ಆರಂಭವಾಗುವುದು ಸತ್ತವರ ಲೆಕ್ಕದಿಂದ. 2010ರ ಮೇ ತಿಂಗಳಲ್ಲಿ ನಗರದ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಬಿಸಿಲಿನ ಹೊಡೆತದಿಂದ ಸತ್ತರೆಂದು ಆಸ್ಪತ್ರೆಗಳು ಬರೆದುಕೊಂಡದ್ದು ತೀರ ಕಡಿಮೆ ಜನ. ಹೃದಯಾಘಾತವೆಂದೋ ಮೂತ್ರಪಿಂಡದ ತೊಂದರೆಯೆಂದೋ ಪ್ರಮಾಣಪತ್ರದಲ್ಲಿ ನಮೂದಾದವರ ಸಾವಿನ ಹಿಂದೆ ಬಿಸಿಲೇ ಇದ್ದರೂ ಅದು ಯಾವ ಕಲಮಿನಲ್ಲೂ ಕಾಣುವುದಿಲ್ಲ. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಗುಲ್ರೇಜ್ ಶಾ ಅಜರ್, ದಿಲೀಪ್ ಮಾವಳಂಕರ್ ಮತ್ತು ಅವರ ಸಂಗಡಿಗರು ಕಾರಣದ ಗೊಡವೆಯನ್ನೇ ಬಿಟ್ಟರು. ಮಹಾನಗರಪಾಲಿಕೆಯ ಮರಣ ನೋಂದಣಿ ಪುಸ್ತಕದಿಂದ ಆ ತಿಂಗಳು ಸತ್ತವರೆಲ್ಲರನ್ನೂ ಎಣಿಸಿದರು: 4,462. ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳ ಸರಾಸರಿಯ ಪ್ರಕಾರ ಇರಬೇಕಾಗಿದ್ದದ್ದು 3,118. ವ್ಯತ್ಯಾಸ 1,344. ಶೇ 43ರಷ್ಟು ಹೆಚ್ಚು ಸಾವು, ಒಂದೇ ತಿಂಗಳಲ್ಲಿ, ಒಂದೇ ನಗರದಲ್ಲಿ. ಅಲ್ಲಿಯವರೆಗೆ ‘ಮೇ ಅಂದರೆ ಬಿಸಿಲು ಇದ್ದದ್ದೇ’ ಎಂದುಕೊಂಡಿದ್ದ ಪಾಲಿಕೆಗೆ ಈ ಅಂಕಿ ನುಂಗಲಾರದ ತುತ್ತಾಯಿತು.

ಮಕ್ಕಳ ವಿಷಯ ಇನ್ನೂ ಚುರುಕು ಮುಟ್ಟಿಸುವಂಥದ್ದು. ನಗರದ ಶಾರದಾಬೆನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಆ ಬೇಸಿಗೆಯಲ್ಲಿ ಬಿಸಿಲ ತಾಪದಿಂದ ಸೇರಿದ ಕೂಸುಗಳ ದಾಖಲೆ ಹಿಡಿದು ವೈದ್ಯರು ಮತ್ತು ಸಂಖ್ಯಾಶಾಸ್ತ್ರಜ್ಞರು ಕೂತರು. ಉಷ್ಣಾಂಶ 42 ಡಿಗ್ರಿ ದಾಟಿದ ಮೇಲೆ ಪ್ರತಿ ಒಂದು ಡಿಗ್ರಿಗೆ ಇಂಥ ದಾಖಲಾತಿ ಶೇ 43ರಷ್ಟು ಏರುತ್ತಿತ್ತು. ಹೆರಿಗೆ ವಾರ್ಡು ಇದ್ದದ್ದು ಕಟ್ಟಡದ ಮೇಲಂತಸ್ತಿನಲ್ಲಿ, ದಿನವಿಡೀ ಕಾದ ತಾರಸಿಯ ಕೆಳಗೆ. ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದ ಮೇಲೆ ದಾಖಲಾತಿ ಇಳಿಯಿತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ. ಶಿಶುವೈದ್ಯನ ಕಣ್ಣಿಗೆ ಬಿದ್ದದ್ದು ಜ್ವರ, ಕಟ್ಟಡ ಬಲ್ಲವನ ಕಣ್ಣಿಗೆ ಬೀಳುವುದು ಸೂರು. ಎರಡನ್ನೂ ಒಂದೇ ಕಾಗದದ ಮೇಲೆ ಬರೆದಾಗ ಪರಿಹಾರ ಮೆಟ್ಟಿಲಿಳಿದು ಬಂತು.

2013ರಲ್ಲಿ ಪಾಲಿಕೆ ದಕ್ಷಿಣ ಏಷ್ಯಾದ ಮೊದಲ ‘ಬಿಸಿಲ ತಾಪ ಕಾರ್ಯಯೋಜನೆ’ ಪ್ರಕಟಿಸಿತು. ಗಾಂಧಿನಗರದ ಸಂಸ್ಥೆಯ ಜತೆಗೆ ಅಮೆರಿಕದ ಎನ್‌ಆರ್‌ಡಿಸಿ ಎಂಬ ಪರಿಸರ ಸಂಸ್ಥೆ, ಎಮರಿ, ಮೌಂಟ್ ಸೈನಾಯ್ ಮುಂತಾದ ಕಡೆಯ ಸಂಶೋಧಕರು ಕೈಜೋಡಿಸಿದ್ದರು. ಹಲವು ದಿನ ಮೊದಲೇ ಬಿಸಿಲಿನ ಮುನ್ಸೂಚನೆ ಕೊಟ್ಟದ್ದು ಜಾರ್ಜಿಯಾ ಟೆಕ್‌ನ ಹವಾಮಾನ ತಜ್ಞರು. 41.1 ಡಿಗ್ರಿಯಿಂದ ಹಳದಿ ಎಚ್ಚರಿಕೆ, 43.1ರಿಂದ ಕಿತ್ತಳೆ, 45 ಮುಟ್ಟಿದರೆ ಕೆಂಪು. ಈ ಮಿತಿಗಳನ್ನು ಯಾರೋ ಅಂದಾಜಿನಲ್ಲಿ ಬರೆದದ್ದಲ್ಲ, ನಗರದ ಸಾವಿನ ಲೆಕ್ಕವನ್ನು ಉಷ್ಣಾಂಶದ ಜತೆ ತಾಳೆಹಾಕಿ ತೆಗೆದದ್ದು. ಎಚ್ಚರಿಕೆ ಬಂದ ದಿನ ಯಾವ ಅಧಿಕಾರಿ ಯಾರಿಗೆ ಫೋನು ಮಾಡಬೇಕು, ಆಸ್ಪತ್ರೆಗಳಲ್ಲಿ ಮಂಜುಗಡ್ಡೆ ಎಲ್ಲಿರಬೇಕು, ನೀರಿನ ಅರವಟ್ಟಿಗೆ ಎಲ್ಲಿ ತೆರೆಯಬೇಕು ಎಂಬುದೆಲ್ಲ ಅದರಲ್ಲಿದೆ. ಯೋಜನೆ ಬಂದ ಮೇಲೆ ವರ್ಷಕ್ಕೆ ಸರಾಸರಿ 1,190 ಸಾವು ತಪ್ಪಿರಬಹುದೆಂದು 2018ರ ಅಧ್ಯಯನವೊಂದು ಅಂದಾಜು ಮಾಡಿತು. 2016ರ ಮೇ 20ರಂದು ನಗರ 48 ಡಿಗ್ರಿ ಕಂಡಿತು. ಅದಕ್ಕೆ ಹಿಂದಿನ ದಾಖಲೆ ಸರಿಯಾಗಿ ನೂರು ವರ್ಷ ಹಳೆಯದು.

ಮೊದಲ ಲೆಕ್ಕ ಮಾಡಿದ ಅಜರ್ ವೈದ್ಯಕೀಯ ಓದಿದವರು. ಆಮೇಲೆ ಅಮೆರಿಕದ ಪಾರ್ಡಿ ರ‍್ಯಾಂಡ್ ಶಾಲೆಯಲ್ಲಿ ಸಾರ್ವಜನಿಕ ನೀತಿಯ ಪಿಎಚ್‌ಡಿಗೆ ಸೇರಿ, ಭಾರತದ ಬಿಸಿಗಾಳಿಯನ್ನೇ ವಿಷಯವಾಗಿಸಿಕೊಂಡು 2019ರಲ್ಲಿ ಮುಗಿಸಿದರು. ಡಾಕ್ಟರರ ಪ್ರಶ್ನೆ ನೀತಿಯ ಪ್ರಶ್ನೆಯಾಗಿ ಬೆಳೆದ ರೀತಿ ಅದು.

ಅಹಮದಾಬಾದಿನ ಮಾದರಿಯನ್ನು ದೇಶದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಹರಡಲಾಗಿದೆ. ಹರಡುವಾಗ ತಿರುಳು ಉಳಿದು ಬಂತೆ ಎಂಬುದು ಬೇರೆ ಮಾತು. ದೆಹಲಿಯ ನೀತಿ ಸಂಶೋಧನಾ ಕೇಂದ್ರ 2023ರಲ್ಲಿ ಇಂಥ 37 ಯೋಜನೆಗಳನ್ನು ಓದಿ ನೋಡಿತು. ಹಣ ಎಲ್ಲಿಂದ ಬರುತ್ತದೆ ಎಂದು ಹೇಳಿದ್ದು 3 ಮಾತ್ರ. ಯಾರಿಗೆ ಅಪಾಯ ಹೆಚ್ಚು ಎಂದು ಲೆಕ್ಕಹಾಕಿ ತೋರಿಸಿದ್ದು 2. ಹೆಚ್ಚಿನವು ಆಯಾ ಊರಿಗೆ ತಕ್ಕಂತೆ ಬರೆದವಲ್ಲ. ಪುಸ್ತಕ ನಕಲು ಮಾಡುವುದು ಸುಲಭ, ಸ್ಮಶಾನದ ಲೆಕ್ಕ ಕೂಡುವುದು ಕಷ್ಟ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳಲ್ಲೂ 42 ಡಿಗ್ರಿ ದಾಟುವುದುಂಟು. ಅಹಮದಾಬಾದಿನ ಆ ಮೊದಲ ಅಧ್ಯಯನಕ್ಕೆ ಬೇಕಾದದ್ದು ಎರಡೇ ಕಡತ: ಸ್ಥಳೀಯ ಮರಣ ನೋಂದಣಿ ಮತ್ತು ಹವಾಮಾನ ಇಲಾಖೆಯ ದಿನದ ಉಷ್ಣಾಂಶ. ಎರಡೂ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಇವೆ. ಒಬ್ಬ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ, ಒಬ್ಬ ಸಮುದಾಯ ವೈದ್ಯ ಮನಸ್ಸು ಮಾಡಿದರೆ ಆಗುವ ಕೆಲಸ.

ಬಿಸಿಲ ಯೋಜನೆಯನ್ನು ಪಾಲಿಕೆ ಮೂರೇ ವರ್ಷದಲ್ಲಿ ಒಪ್ಪಿಕೊಂಡದ್ದಕ್ಕೆ ಒಂದು ಕಾರಣ ಸ್ಪಷ್ಟ: ಅದರಿಂದ ಯಾರ ಜಾಗವೂ ಹೋಗುವುದಿಲ್ಲ, ಯಾರ ಲಾಭವೂ ತಗ್ಗುವುದಿಲ್ಲ. ಅದೇ ನಗರದ ನಡುವೆ ಹರಿಯುವ ಸಾಬರಮತಿಯ ವಿಷಯಕ್ಕೆ ಬಂದರೆ ಮಾತು ಬೇರೆ. ಎರಡೂ ದಡದಲ್ಲಿ ಸುಮಾರು 11 ಕಿಲೋಮೀಟರ್ ಕಾಂಕ್ರೀಟು ಕಟ್ಟಿ, ನದಿಯ ಪಾತ್ರದಿಂದ ನೆಲ ತೆಗೆದು ವಿಹಾರದ ದಾರಿ ಮಾಡಿದ ಯೋಜನೆಗೆ ಸಾವಿರಾರು ಬಡ ಕುಟುಂಬಗಳು ದಡ ಬಿಟ್ಟು ನಗರದ ಅಂಚಿಗೆ ಹೋಗಬೇಕಾಯಿತು. ಈಗ ಅಲ್ಲಿ ತುಂಬಿ ನಿಂತಿರುವುದು ನರ್ಮದಾ ಕಾಲುವೆಯ ನೀರು. ಯೋಜನೆ ರೂಪಿಸಿದ ವಾಸ್ತುಶಿಲ್ಪಿ ಬಿಮಲ್ ಪಟೇಲ್ ನಗರ ಯೋಜನೆಯಲ್ಲಿ ಪಿಎಚ್‌ಡಿ ಪಡೆದದ್ದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಸ್ಥಳಾಂತರಗೊಂಡವರ ಪಾಡನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ ಯೋಜನೆಯನ್ನು ಪ್ರಶ್ನಿಸಿದ ರೇಣು ದೇಸಾಯಿ ಅಹಮದಾಬಾದ್ ಕುರಿತು ಪಿಎಚ್‌ಡಿ ಬರೆದದ್ದೂ ಬರ್ಕ್ಲಿಯಲ್ಲೇ. ಒಂದೇ ಶಾಲೆ, ಒಂದೇ ನದಿ, ಎರಡು ದಡ. ಡಾಕ್ಟರೇಟ್ ಎಂಬುದು ತಾನಾಗಿ ಯಾರನ್ನೂ ಯಾವ ಪಕ್ಷಕ್ಕೂ ಸೇರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕಬೇಕಿಲ್ಲ.

ಸಾಬರಮತಿಯ ನಕಲು ವಡೋದರಾಕ್ಕೂ ಬಂತು. ಅಲ್ಲಿ ಎದುರಾದದ್ದು ಮೊಸಳೆ.

ಪಾವಗಢ ಬೆಟ್ಟದ ಕಡೆಯಿಂದ ಇಳಿದು ಬರುವ ವಿಶ್ವಾಮಿತ್ರಿ ನದಿ ವಡೋದರಾ ನಗರದ ನಟ್ಟನಡುವೆ ಸುತ್ತಿ ಬಳಸಿ ಹರಿಯುತ್ತದೆ. ಕಾಮಾಟಿಬಾಗ್ ಎಂದು ಊರಿನವರು ಕರೆಯುವ ಸಯಾಜಿ ಉದ್ಯಾನವನ್ನು ಹಾಯುತ್ತದೆ. ಈ ನದಿಯಲ್ಲಿ 400ಕ್ಕೂ ಹೆಚ್ಚು ಮೊಸಳೆಗಳಿವೆ. ಲಕ್ಷಾಂತರ ಜನರಿರುವ ನಗರದೊಳಗೆ ಇಷ್ಟು ಮೊಸಳೆ ಬದುಕುತ್ತಿರುವ ಜಾಗ ಅಪರೂಪ. ಗುಜರಾತಿನ ಖೋಡಿಯಾರ್ ಮಾತೆಯ ವಾಹನ ಮೊಸಳೆ. ಜನ ಹೆದರಿದರೂ ದ್ವೇಷಿಸುವುದಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹೆಸರಿರುವ ಪ್ರಾಣಿ ಅದು. ಮಣ್ಣಿನ ದಡ ಅಗೆದು ಗವಿ ಮಾಡುತ್ತದೆ, ದಡದ ಮೇಲೆಯೇ ಮೊಟ್ಟೆ ಇಡುತ್ತದೆ. ಕಾಂಕ್ರೀಟಿನಲ್ಲಿ ಇವೆರಡೂ ಆಗುವುದಿಲ್ಲ.

ನದಿದಂಡೆ ಅಭಿವೃದ್ಧಿ ಯೋಜನೆಯ ವಿರುದ್ಧ 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದವರ ಪಟ್ಟಿ ನೋಡಿದರೆ ವಿಶ್ವವಿದ್ಯಾಲಯದ ಅರ್ಧ ವಿಭಾಗಗಳು ಕೂಡಿದಂತಿದೆ. ಕಾರ್ಮಿಕ ಮತ್ತು ಪರಿಸರ ಹೋರಾಟದಲ್ಲಿ ಪಳಗಿದ ರೋಹಿತ್ ಪ್ರಜಾಪತಿ ಇದ್ದರು. ನಗರ ಮತ್ತು ಪರಿಸರ ಯೋಜನೆಯ ನೇಹಾ ಸರ್ವಾಟೆ ಇದ್ದರು. ಭೂದೃಶ್ಯ ವಾಸ್ತುಶಿಲ್ಪಿ ಶಿಶಿರ್ ರಾವಲ್ ಇದ್ದರು. ಗಿರ್ ಕಾಡಿನ ಸಿಂಹಗಳ ಜತೆ ಬದುಕುವ ಜನರ ಕುರಿತು ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡಿದವರು. ಸಿಂಹದ ಪಕ್ಕದ ಮನೆಯವರನ್ನು ಮಾತಾಡಿಸಿ ಬಂದವರಿಗೆ ಮೊಸಳೆಯ ಪಕ್ಕದ ಬಡಾವಣೆ ಹೊಸ ಲೋಕವಲ್ಲ. ಪರಿಸರ ವಿಜ್ಞಾನ, ಪ್ರಾಣಿಶಾಸ್ತ್ರ ಬಲ್ಲವರ ನೆರವೂ ಇತ್ತು.

ಅವರ ವಾದದ ಬಲ ಇರುವುದೂ ಈ ಕೂಡಿಕೆಯಲ್ಲೇ. ಮೊಸಳೆ ಉಳಿಸಿ ಎಂದಷ್ಟೇ ಕೇಳಿದ್ದರೆ ‘ಮನುಷ್ಯರು ಮುಖ್ಯವೋ ಮೊಸಳೆಯೋ’ ಎಂಬ ಹಳೆಯ ಮರುಪ್ರಶ್ನೆಗೆ ಸಿಕ್ಕಿಬೀಳುತ್ತಿದ್ದರು. ಅವರು ತೋರಿಸಿದ್ದು ಬೇರೆ: ನದಿಯ ಸುತ್ತಲಿನ ಕಂದರಗಳು, ತಗ್ಗುಗಳು, ಕೆರೆಗಳು ಮಳೆಗಾಲದಲ್ಲಿ ನೀರು ಹಿಡಿದಿಡುವ ಜಾಗ. ಮೊಸಳೆಗೆ ಬೇಕಾದದ್ದು ಯಾವ ದಡವೋ ಪ್ರವಾಹ ತಡೆಯಲು ಬೇಕಾದದ್ದೂ ಅದೇ ದಡ. ನದಿಯನ್ನು ಬಿಗಿದು ಜಾಗ ತೆಗೆದರೆ ನೀರು ಬಡಾವಣೆಗೆ ಬರುತ್ತದೆ, ನೀರಿನ ಜತೆ ಮೊಸಳೆಯೂ ಬರುತ್ತದೆ. 2021ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ನದಿಗೊಂದು ಕಾರ್ಯಯೋಜನೆ ಮಾಡಿ ಜಾರಿಗೊಳಿಸಲು ಆದೇಶಿಸಿತು.

2024ರ ಆಗಸ್ಟ್ ಕೊನೆಯ ವಾರ ವಿಪರೀತ ಮಳೆ ಸುರಿದು, ಮೇಲಿನ ಆಜ್ವಾ ಜಲಾಶಯದಿಂದಲೂ ನೀರು ಬಂದು ವಡೋದರಾ ಮುಳುಗಿತು. ಅರಣ್ಯ ಇಲಾಖೆ ಮೂರು ದಿನಗಳಲ್ಲಿ 24 ಮೊಸಳೆಗಳನ್ನು ವಸತಿ ಪ್ರದೇಶಗಳಿಂದ ಹಿಡಿಯಿತು. ಮನೆಯ ಅಂಗಳದಲ್ಲಿ ಮೊಸಳೆ ಮಲಗಿರುವ ವೀಡಿಯೊಗಳು ದೇಶವೆಲ್ಲ ಓಡಾಡಿದವು. ನಗು ತರಿಸುವ ಸುದ್ದಿಯಾಗಿ. ಆ ಅಂಗಳ ಹಿಂದೆ ನದಿಯ ತಗ್ಗೇ ಆಗಿತ್ತೆ ಎಂದು ಕೇಳಿದ ಸುದ್ದಿವಾಹಿನಿ ಕಡಿಮೆ. ಮರುವರ್ಷ ನದಿಯ ಹೂಳೆತ್ತಿ ಅಗಲಿಸುವ ದೊಡ್ಡ ಕೆಲಸ ಶುರುವಾಯಿತು. ಅದಕ್ಕೆ ಮುಂಚೆ ಮೊಸಳೆ ಎಣಿಕೆ ನಡೆಯಿತು. ಎಣಿಸಿಯೇ ಯಂತ್ರ ಇಳಿಸಬೇಕೆಂಬ ಮಟ್ಟಕ್ಕೆ ಬಂದದ್ದು ಈ ಹತ್ತು ವರ್ಷಗಳ ಜಗಳದ ಗಳಿಕೆ ಎನ್ನಬಹುದು. ಎಷ್ಟು ಅಗಲ, ಎಷ್ಟು ಆಳ, ಯಾರ ಜಾಗ ಎಂಬ ಜಗಳ ತೀರಿಲ್ಲ.

ವಡೋದರಾಕ್ಕೂ ಕನ್ನಡ ನಾಡಿಗೂ ಸಂಶೋಧನೆಯ ವಿಷಯದಲ್ಲಿ ಒಂದು ಹಳೆಯ ನಂಟಿದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎನ್. ಶ್ರೀನಿವಾಸ್ ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. ಕೊಡಗಿನ ಮೇಲೆ ಪ್ರಬಂಧ ಬರೆದು, ಮೈಸೂರು ಸೀಮೆಯ ರಾಂಪುರದಲ್ಲಿ ತಿಂಗಳುಗಟ್ಟಲೆ ಇದ್ದು ಬಂದವರು. ಗ್ರಂಥಾಲಯದಲ್ಲಿ ಕೂತು ಶಾಸ್ತ್ರ ಓದಿದರೆ ಊರು ಗೊತ್ತಾಗುವುದಿಲ್ಲ, ಹೋಗಿ ಇರಬೇಕು ಎಂಬುದು ಅವರು ವಿದ್ಯಾರ್ಥಿಗಳಿಗೆ ಹಿಡಿಸಿದ ಹಟ. ಅದೇ ವಿಭಾಗದಲ್ಲಿದ್ದ ಐ.ಪಿ. ದೇಸಾಯಿ ಮುಂದೆ ಸೂರತ್ತಿಗೆ ಹೋಗಿ 1969ರಲ್ಲಿ ಸಾಮಾಜಿಕ ಅಧ್ಯಯನ ಕೇಂದ್ರವನ್ನು ಆರಂಭಿಸಿದರು. ಹೋಗಿ ಇದ್ದು ನೋಡುವ ಹಟ ಹಾಗೆ ಒಂದು ಊರಿನಿಂದ ಇನ್ನೊಂದಕ್ಕೆ ನಡೆದು ಹೋಯಿತು. ಆದರೆ ಶ್ರೀನಿವಾಸರ ಕಾಲದ ಸಂಶೋಧಕ ಒಬ್ಬನೇ ಹೋಗುತ್ತಿದ್ದ. ವಿಶ್ವಾಮಿತ್ರಿಯ ದಡಕ್ಕೆ ಒಬ್ಬನೇ ಹೋದರೆ ಕಾಣುವುದು ಅರ್ಧ.

ಜತೆಯಾಗಿ ಹೋಗಲು ಪಿಎಚ್‌ಡಿ ಮಾಡುವವರಿಗೆ ಇರುವ ಅಡ್ಡಿಗಳು ಭಾರಿ ತಾತ್ವಿಕವಾದವೇನಲ್ಲ, ಬಹುಪಾಲು ದಿನನಿತ್ಯದವು. ಪ್ರಬಂಧದ ಮೇಲೆ ಹೆಸರು ಒಂದೇ ಇರಬೇಕು. ಮೌಲ್ಯಮಾಪನಕ್ಕೆ ಬರುವ ಹಿರಿಯರು ತಮ್ಮ ವಿಷಯದವರು. ರಸಾಯನಶಾಸ್ತ್ರದ ಪ್ರಬಂಧದಲ್ಲಿ ಕೂಲಿಯವರ ಮಾತಿದ್ದರೆ ಅವರಿಗೆ ಕಸಿವಿಸಿ, ಸಮಾಜಶಾಸ್ತ್ರದ್ದರಲ್ಲಿ ಸಮೀಕರಣವಿದ್ದರೆ ಇವರಿಗೆ. ಇನ್ನು ಹೊಟ್ಟೆಪಾಡು. ಯುಜಿಸಿಯ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಅದು ಸಿಗದವರಿಗೆಂದು ಗುಜರಾತ್ ಸರಕಾರ ನಡೆಸುವ ‘ಶೋಧ್’ ಯೋಜನೆಯಲ್ಲಿ ತಿಂಗಳಿಗೆ 15,000, ಅದೂ ಎರಡು ವರ್ಷ ಮಾತ್ರ. ಎರಡು ಮಳೆಗಾಲ ನೋಡಿ ನದಿಯ ಬಗ್ಗೆ ಬರೆಯುವವನಿಗೆ ಮೂರನೆಯ ಮಳೆಗಾಲ ಏನು ತರುತ್ತದೆಂದು ಗೊತ್ತಾಗುವಷ್ಟರಲ್ಲಿ ದುಡ್ಡು ಮುಗಿದಿರುತ್ತದೆ. ಯುಜಿಸಿಯ 2022ರ ನಿಯಮಾವಳಿ ಬೇರೆ ವಿಭಾಗದವರನ್ನು, ಬೇರೆ ಸಂಸ್ಥೆಯವರನ್ನು ಸಹ ಮಾರ್ಗದರ್ಶಕರಾಗಿ ಇಟ್ಟುಕೊಳ್ಳಲು ಅವಕಾಶ ಕೊಟ್ಟಿದೆ. ಬಾಗಿಲು ತೆರೆದಿದೆ, ಒಳಗೆ ಬರುವ ಬಸ್ಸಿನ ಖರ್ಚು ಯಾರದೆಂದು ಬರೆದಿಲ್ಲ. ಬೆಂಗಳೂರಿನಲ್ಲಿ 1996ರಲ್ಲಿ ಆರಂಭವಾದ ಏಟ್ರೀ ಸಂಸ್ಥೆಯ ಪಿಎಚ್‌ಡಿ ಕಾರ್ಯಕ್ರಮ ಜೀವಿವಿಜ್ಞಾನವನ್ನೂ ಸಮಾಜವಿಜ್ಞಾನವನ್ನೂ ಒಂದೇ ಸೂರಿನಡಿ ತಂದದ್ದು ಈ ಕಾರಣಕ್ಕೇ ಎದ್ದು ಕಾಣುತ್ತದೆ. ಅಂಥವು ದೇಶದಲ್ಲಿ ಬೆರಳೆಣಿಕೆಯಷ್ಟು.

ವಿಷಯವನ್ನು ಯಾರು ಆರಿಸಬೇಕು ಎಂಬುದೂ ಇತ್ಯರ್ಥವಾಗಿಲ್ಲ. 2016ರಲ್ಲಿ ಗುಜರಾತಿನ ವಿಶ್ವವಿದ್ಯಾಲಯಗಳಿಗೆ 82 ಪಿಎಚ್‌ಡಿ ವಿಷಯಗಳ ಪಟ್ಟಿ ಬಂತು, ಹೆಚ್ಚಿನವು ಸರಕಾರದ ಯೋಜನೆಗಳ ಕುರಿತಾದವು. ಪಟ್ಟಿಯಿಂದ ಕೆಲವನ್ನಾದರೂ ವಿದ್ಯಾರ್ಥಿಗಳಿಗೆ ಕೊಡಬೇಕೆಂಬ ಸೂಚನೆ ಅಧ್ಯಾಪಕರಲ್ಲಿ ಗುಸುಗುಸು ಎಬ್ಬಿಸಿತು. ಸರಕಾರದ ಯೋಜನೆಯನ್ನು ಪರೀಕ್ಷಿಸುವುದು ತಪ್ಪಲ್ಲ. ಚಿಮಣಿ ಪ್ರಯೋಗ ನಡೆದದ್ದೂ ಸರಕಾರಿ ಮಂಡಳಿಯ ಸಹಕಾರದಿಂದಲೇ. ಆದರೆ ಅಲ್ಲಿ ಪ್ರಶ್ನೆ ಸಂಶೋಧಕರದ್ದು, ಕಡತ ಮಂಡಳಿಯದ್ದು. ಪ್ರಶ್ನೆಯೂ ಕಡತವೂ ಒಂದೇ ಕಚೇರಿಯಿಂದ ಬಂದರೆ ವಿದ್ಯಾರ್ಥಿಯ ಸ್ಥಿತಿ 1996ರ ಆಡಿಟರನದ್ದೇ.

ಮೂರು ನಗರಗಳಲ್ಲೂ ಕೇಳದೆ ಉಳಿದಿರುವ ಪ್ರಶ್ನೆಗಳಿಗೆ ಬರವಿಲ್ಲ. ಉದಾಹರಣೆಗೆ, ಅಹಮದಾಬಾದಿನ ಬಿಸಿಲ ಎಚ್ಚರಿಕೆ ನಿಂತಿರುವುದು ಹಗಲಿನ ಗರಿಷ್ಠ ಉಷ್ಣಾಂಶದ ಮೇಲೆ, ಅದನ್ನು ಅಳೆಯುವುದು ಬಯಲಿನ ಹವಾಮಾನ ಕೇಂದ್ರದಲ್ಲಿ. ತಗಡಿನ ಸೂರಿನ ಕೆಳಗೆ ಕೂತು ಊದುಬತ್ತಿ ಹೊಸೆಯುವ, ಬಟ್ಟೆ ಹೊಲಿಯುವ ಹೆಂಗಸರ ಕೋಣೆಯಲ್ಲಿ ರಾತ್ರಿ ಎಷ್ಟು ಡಿಗ್ರಿ ಎಂಬುದು ಅದರಲ್ಲಿ ಬರುವುದಿಲ್ಲ. ಮಹಿಳಾ ಕಾರ್ಮಿಕರ ‘ಸೇವಾ’ ಸಂಘಟನೆಯ ಬಳಗದಿಂದ ಹುಟ್ಟಿದ ಮಹಿಳಾ ಹೌಸಿಂಗ್ ಟ್ರಸ್ಟ್ ಆ ಕೋಣೆಗಳ ಸೂರಿಗೆ ಬಿಳಿ ಬಣ್ಣ ಬಳಿಸುವ ಕೆಲಸಕ್ಕೆ ಇಳಿದದ್ದು ಅದಕ್ಕೇ; 2017ರಿಂದ ಪಾಲಿಕೆಯೂ ತಂಪು ಸೂರಿನ ಕಾರ್ಯಕ್ರಮ ಹಿಡಿದಿದೆ. ಬಣ್ಣ ಬಳಿದ ಮೇಲೆ ಒಳಗಿನ ತಾಪ ಎಷ್ಟು ಇಳಿಯಿತು ಎಂಬುದು ಕಟ್ಟಡ ವಿಜ್ಞಾನದವರ ಲೆಕ್ಕ. ಇಳಿದದ್ದರಿಂದ ದಿನಕ್ಕೆ ಎಷ್ಟು ಹೆಚ್ಚು ಹೊಲಿಗೆ ಆಯಿತು, ಬಾಡಿಗೆ ಮನೆಯಾದರೆ ಬಣ್ಣಕ್ಕೆ ದುಡ್ಡು ಹಾಕುವವರು ಯಾರು, ಮನೆ ತಂಪಾದ ಮೇಲೆ ಮಾಲೀಕ ಬಾಡಿಗೆ ಏರಿಸಿದನೇ ಎಂದು ಕೇಳಲು ಬೇರೆಯವರೇ ಬೇಕು.